ಊರಿಗೊಂದು ಗುರುತು

ಜಪಾನು ದೇಶದವರು ಕಾರ್ಯಸಾಧಕರೆಂಬುದು ಲೋಕಪ್ರಸಿದ್ಧವಾದ ಮಾತು. ಆದರೆ ಅಲ್ಲಿಯ ಒಂದು ಸೀಮೆಯವರು ತಮ್ಮ ಊರಿನ ಏಳಿಗೆಗಾಗಿ ಕರಡಿಯ ವೇಷವೊಂದನ್ನು ಉದ್ಯೋಗಕ್ಕೆ ನೇಮಿಸಿಕೊಂಡಿರುವರೆಂದು ಕೇಳಿದಾಗ ನಮ್ಮ ಮನೆಯಲ್ಲಿ ಎಲ್ಲರಿಗೂ ನಗು ಬಂದಿತು. ನಗುವಿನ ಹಿಂದೆಯೇ ಒಂದು ಯೋಚನೆಯೂ ಬಂದಿತು.

ಆ ದೇಶದ ದಕ್ಷಿಣಕ್ಕಿರುವ ಕ್ಯೂಶೂ ದ್ವೀಪದಲ್ಲಿ ಕುಮಾಮೊಟೊ ಎಂಬ ಸೀಮೆಯಿದೆ. 2011ನೆಯ ಇಸವಿಯ ಮಾರ್ಚಿ ತಿಂಗಳಲ್ಲಿ ಆ ದ್ವೀಪದ ವೇಗದ ರೈಲುಮಾರ್ಗವು ಪೂರ್ತಿಯಾಯಿತು. ರೈಲು ಬಂದರೆ ಊರು ಉದ್ಧಾರವಾಗುವುದೆಂದು ಎಲ್ಲರೂ ಹೇಳುವರಷ್ಟೆ. ಅಲ್ಲಿಯವರಿಗಾದರೋ, ಪ್ರಯಾಣಿಕರು ತಮ್ಮಲ್ಲಿ ಇಳಿಯದೆ ಮುಂದಿನ ಕಾಗೋಶಿಮಕ್ಕೆ ಸಾಗಿಬಿಟ್ಟಾರೆಂಬ ಚಿಂತೆ. ಆದುದರಿಂದ 2010ರಲ್ಲಿಯೇ ಕರಿಯ ಮೈ, ಕೆಂಪು ಕೆನ್ನೆಗಳುಳ್ಳ ಕರಡಿಯೊಂದನ್ನು ಕಲ್ಪಿಸಿ, ಅದಕ್ಕೆ ‘ಕುಮಾಮೊನ್’ ಎಂದು ಹೆಸರಿಟ್ಟರು. ‘ಕುಮ’ ಎಂದರೆ ಅವರ ನುಡಿಯಲ್ಲಿ ಕರಡಿ. ಹೀಗೆ ಕರಡಿಯನ್ನು ಕರೆದೊಡನೆ ಊರಿನ ಹೆಸರೂ ನಾಲಗೆಗೆ ಬರುವುದು. ಅದಕ್ಕೆ ವ್ಯಾಪಾರ ಶಾಖೆಯ ಅಧಿಕಾರಿಯೆಂಬ ಪದವಿಯನ್ನೂ ಕೊಟ್ಟರು. ಊರಿನ ವರ್ತಕರು ಅಪ್ಪಣೆ ಪಡೆದು, ಶುಲ್ಕವಿಲ್ಲದೆ ಅದರ ಚಿತ್ರವನ್ನು ತಮ್ಮ ಸರಕಿನ ಮೇಲೆ ಅಚ್ಚುಹಾಕಿಸಬಹುದೆಂದು ಸಾರಿದರು. ವಿಚಿತ್ರವೇನೆಂದರೆ, ಕ್ಯೂಶೂವಿನ ಕಾಡುಗಳಲ್ಲಿ ಈಗ ಕರಡಿಯೇ ಇಲ್ಲ! ಇಲ್ಲದ ಪ್ರಾಣಿಯೊಂದು ಇರುವ ಊರನ್ನು ಲೋಕಕ್ಕೆ ತೋರಿಸಿಕೊಟ್ಟಿತು.

ನಮ್ಮ ತೊಗರ್ಸಿಯು ಶಿಕಾರಿಪುರ ತಾಲ್ಲೂಕಿನ ಊರು. ಮಲ್ಲಿಕಾರ್ಜುನನ ಗುಡಿ, ಸುತ್ತಲೂ ಭತ್ತ, ಮೆಕ್ಕೆಜೋಳ, ಅಡಿಕೆ. ಇಷ್ಟೇ ನಮ್ಮ ಐಶ್ವರ್ಯ. ಓದಿದ ಹುಡುಗರು ಬೆಂಗಳೂರಿನ ದಾರಿ ಹಿಡಿಯುವರು. ಶಿವಮೊಗ್ಗದಿಂದ ಶಿಕಾರಿಪುರದ ಮೇಲೆ ರಾಣೆಬೆನ್ನೂರಿಗೆ ರೈಲುದಾರಿ ಹಾಕುವ ಕೆಲಸವನ್ನು ಕೈಗೊಂಡಿದ್ದಾರೆ. ಆ ರೈಲು ಹೊರಗಿನವರನ್ನು ನಮ್ಮ ಸೀಮೆಗೆ ಕರೆತರುವುದೋ, ನಮ್ಮವರನ್ನೇ ಇನ್ನಷ್ಟು ಬೇಗ ಕರೆದೊಯ್ಯುವುದೋ ಎಂಬ ಚಿಂತೆ ನಮಗೂ ಉಂಟು.

“ಅಜ್ಜ, ನಮ್ಮ ಸೀಮೆಗೂ ಅಂಥದೊಂದು ಗೊಂಬೆ ಬೇಡವೆ?” ಎಂದು ಮನೆಯ ಹುಡುಗಿ ಕೇಳಿದಳು.

“ನಮ್ಮದು ಆಗಲೇ ಇದೆಯಲ್ಲ, ಪುಟ್ಟಿ. ನೀನು ಶಿರಾಳಕೊಪ್ಪಕ್ಕೆ ಹೋಗುವ ಕೆಂಪು ಬಸ್ಸಿನ ಮೇಲೆಯೇ ಇದೆ, ಎರಡು ತಲೆಯ ಹಕ್ಕಿ,” ಎಂದೆವು.

“ಅದು ಸರಕಾರದ್ದಲ್ಲವೆ?” ಎಂದಳು.

ಮಗುವಿನ ಮಾತು ಸುಳ್ಳಲ್ಲ. ಗಂಡಭೇರುಂಡವು ವಿಜಯನಗರದ ಅಚ್ಯುತರಾಯನ ನಾಣ್ಯದ ಮೇಲಿದ್ದಿತು. ಮೈಸೂರು ಒಡೆಯರ ಲಾಂಛನವಾಗಿದ್ದಿತು. ಈಗ ಕರ್ನಾಟಕ ರಾಜ್ಯದ ಮುದ್ರೆಯಲ್ಲಿದೆ. ಆದರೆ ಇವೆಲ್ಲಕ್ಕೂ ಮುಂಚೆ, 1047ರಲ್ಲಿ, ಬನವಾಸಿ ಸೀಮೆಯನ್ನಾಳುತ್ತಿದ್ದ ಚಾವುಂಡರಾಯನು ನಮ್ಮ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಗಂಡಭೇರುಂಡ ಸ್ತಂಭವನ್ನು ನಿಲ್ಲಿಸಿದನು. ಸುಮಾರು 30 ಅಡಿಯ ಆ ಕಂಬವು ಇಂದಿಗೂ ನಿಂತಿದೆ. ಅಲ್ಲಿಯ ಭೇರುಂಡನಿಗೆ ಹಕ್ಕಿಯ ತಲೆಗಳೆರಡು, ದೇಹವು ಮಾತ್ರ ಮನುಷ್ಯನದು. ಕೇದಾರೇಶ್ವರನ ಗುಡಿಯನ್ನು ನೋಡಿ ಹೊರಟುಬಿಡುವವರು ಅನೇಕರು. ಕಂಬದವರೆಗೆ ಬರುವವರು ಕೆಲವರು.

ಎರಡು ಗುರುತುಗಳಿಗೂ ಇರುವ ಭೇದವು ಇಲ್ಲಿಯೇ ತೋರುವುದು. ಜಪಾನಿನ ಕರಡಿಯು ಊರಿನವರ ಕೈಗೆ ಸಿಕ್ಕಿದ ಗುರುತು. ನಮ್ಮ ಹಕ್ಕಿಯು ಆಳುವವರ ಗುರುತು. ಸರಕಾರದ ಲಾಂಛನವನ್ನು ಅಪ್ಪಣೆಯಿಲ್ಲದೆ ವ್ಯಾಪಾರಕ್ಕೆ ಬಳಸಬಾರದೆಂದು 1950ರ ಕಾನೂನಿದೆ. ಅದು ನ್ಯಾಯವೇ ಸರಿ. ರಾಜ್ಯದ ಮುದ್ರೆಯನ್ನು ಹಪ್ಪಳದ ಪೊಟ್ಟಣದ ಮೇಲೆ ಒತ್ತುವುದು ಯಾರಿಗೂ ಒಪ್ಪುವ ಕೆಲಸವಲ್ಲ. ಭೇರುಂಡನಿಗೆ ವೇಷ ಕಟ್ಟಿ ಸಂತೆಯಲ್ಲಿ ಕುಣಿಸಬೇಕೆಂದೂ ನಾವು ಹೇಳುವುದಿಲ್ಲ. ಆದರೆ ನಾಡೆಲ್ಲ ತಿರುಗುವ ಈ ಹಕ್ಕಿಯು ತನ್ನ ಹಳೆಯ ಕಂಬವಿರುವ ಊರಿನ ಹೆಸರನ್ನು ಎಲ್ಲಿಯೂ ಹೇಳದಿರುವುದು ಮಾತ್ರ ನಮಗೆ ನೋವಿನ ಸಂಗತಿ.

ಊರಿಗೆ ಗುರುತಿದ್ದರೆ ಬರುವ ಫಲವು ವ್ಯಾಪಾರವೊಂದೇ ಅಲ್ಲ. 2016ರ ಏಪ್ರಿಲ್ ತಿಂಗಳಲ್ಲಿ ಕುಮಾಮೊಟೊದಲ್ಲಿ ಘೋರವಾದ ಭೂಕಂಪವಾಯಿತು. ಆಗ ದೂರದ ಚಿತ್ರಕಾರರು ಆ ಕರಡಿಯ ಚಿತ್ರವನ್ನೇ ಬರೆದು ನೊಂದವರಿಗೆ ಧೈರ್ಯ ಹೇಳಿದರು. ಪರಿಚಯವಿದ್ದ ಊರಿನ ಕಷ್ಟಕ್ಕೆ ಮರುಗುವವರು ಬೇಗ ದೊರೆಯುವರು. ಹೆಸರೇ ತಿಳಿಯದ ಊರು ಬರಿದಾದರೂ ಕೇಳುವವರಿಲ್ಲ.

ಆದಕಾರಣ ಗೃಹಸ್ಥರಲ್ಲಿ ನಮ್ಮದೊಂದು ವಿಜ್ಞಾಪನೆ. ಸರಕಾರವು ಏನು ಮಾಡುವುದೆಂದು ಕಾಯುವುದಕ್ಕೆ ಮುಂಚೆ, ಮನೆಯ ಮಕ್ಕಳಿಗೆ ಬಸ್ಸಿನ ಮೇಲಣ ಹಕ್ಕಿಯನ್ನು ತೋರಿಸಿ, ಅದರ ಹಳೆಯ ಕಂಬವೊಂದು ಬಳ್ಳಿಗಾವಿಯಲ್ಲಿದೆಯೆಂದು ಹೇಳಿರಿ. ರಜೆಯಲ್ಲಿ ಬಂದ ನೆಂಟರನ್ನು ಅಲ್ಲಿಗೆ ಕರೆದೊಯ್ಯಿರಿ. ಬೆಂಗಳೂರಿನಲ್ಲಿ ನೆಲಸಿದ ಹುಡುಗರು “ನಿಮ್ಮದು ಯಾವ ಊರು?” ಎಂದು ಕೇಳಿದವರಿಗೆ ಬರಿಯ ‘ಶಿವಮೊಗ್ಗದ ಕಡೆ’ ಎನ್ನದೆ, ‘ಗಂಡಭೇರುಂಡದ ಕಂಬವಿರುವ ತಾಲ್ಲೂಕು’ ಎಂದು ಹೇಳುವಂತಾಗಲಿ. ರೈಲು ಬರುವುದರೊಳಗಾಗಿ ನಾವು ಮಾಡಬಹುದಾದ ಕೆಲಸವಿದು; ಇದಕ್ಕೆ ಕಾಸಿನ ಖರ್ಚಿಲ್ಲ.