ಚನ್ನಪಟ್ಟಣದಲ್ಲಿ ಮೂರು ಬಟ್ಟಲು

ಚನ್ನಪಟ್ಟಣಕ್ಕೆ ಹೋದವರು ಸಾಮಾನ್ಯವಾಗಿ ಮರದ ಕುದುರೆ, ಬುಗುರಿ, ಮಣಿಸರ, ಇಲ್ಲವೇ ಮಗು ನಡೆಯಲು ಕಲಿಯುವ ತಳ್ಳುಗಾಡಿ ತರುತ್ತಾರೆ. ನಾನು ಹತ್ತು ವರ್ಷದ ಮೊಮ್ಮಗಳನ್ನು ಕರೆದುಕೊಂಡು ಹೋದದ್ದು ಮೂರು ಬಟ್ಟಲು ಮಾಡಿಸಲು. ಊಟದ ಬಟ್ಟಲಲ್ಲ, ಜಾದೂ ಬಟ್ಟಲು.

ಈ ಆಟ ನೋಡದ ಮಕ್ಕಳಿಗಾಗಿ ಹೇಳಿಬಿಡುತ್ತೇನೆ. ಮೂರು ಬಟ್ಟಲನ್ನು ಬೋರಲು ಹಾಕುತ್ತಾರೆ. ಮೂರು ಪುಟ್ಟ ಚೆಂಡು. ಒಂದನ್ನು ಕೈಯಲ್ಲಿ ಮುಚ್ಚಿ ಊದಿದರೆ ಮಾಯ. ನೋಡಿದರೆ ಬಟ್ಟಲ ಕೆಳಗಿದೆ. ಬೇರೆ ಬೇರೆ ಬಟ್ಟಲ ಕೆಳಗಿಟ್ಟ ಮೂರೂ ಚೆಂಡು ಒಂದೇ ಬಟ್ಟಲ ಕೆಳಗೆ ಸೇರಿಕೊಳ್ಳುತ್ತವೆ. ಇಷ್ಟೇ ಎಂದುಕೊಳ್ಳುವಾಗ ಬಟ್ಟಲೆತ್ತಿದರೆ ಚೆಂಡಿನ ಜಾಗದಲ್ಲಿ ಒಂದೊಂದು ನಿಂಬೆಹಣ್ಣು! ಹೇಗೆ ಎಂದು ಮಾತ್ರ ಕೇಳಬೇಡಿ. ಕಲಿಯಲು ಬಂದವರಿಗೆ ಹೇಳಬಹುದು, ನೋಡಲು ಬಂದವರಿಗೆ ಹೇಳಬಾರದು ಎಂಬುದು ಈ ವಿದ್ಯೆಯವರ ಕಟ್ಟಳೆ.

ಆಟ ಬಹಳ ಹಳೆಯದು. ಸುಮಾರು 2000 ವರ್ಷಗಳ ಹಿಂದೆ ರೋಮ್‌ನಲ್ಲಿದ್ದ ಸೆನೆಕಾ ಎಂಬ ತತ್ತ್ವಜ್ಞಾನಿ ತನ್ನ ಕಾಗದವೊಂದರಲ್ಲಿ ಬಟ್ಟಲು ಮತ್ತು ಹರಳುಗಳ ಕಣ್ಕಟ್ಟನ್ನು ಪ್ರಸ್ತಾಪಿಸಿದ್ದಾನೆ. ಗುಟ್ಟು ತಿಳಿದ ಮೇಲೆ ಅದರಲ್ಲಿ ತನಗೆ ಆಸಕ್ತಿ ಉಳಿಯದು ಎಂಬುದು ಅವನ ಮಾತಿನ ಸಾರ. ಫ್ರಾನ್ಸಿನ ಸೇಂಟ್ ಜರ್ಮೇನ್ ಎಂಬ ಊರಿನ ಸಂಗ್ರಹದಲ್ಲಿ ಬಾಷ್ ಎಂಬ ಚಿತ್ರಕಾರನ ಹೆಸರಿನ ಒಂದು ಹಳೆಯ ಚಿತ್ರವಿದೆ. ಜಾದೂಗಾರ ಮೇಜಿನ ಮೇಲೆ ಬಟ್ಟಲಿಟ್ಟು ಆಡಿಸುತ್ತಿದ್ದಾನೆ. ಒಬ್ಬ ಬಗ್ಗಿ ಬೆರಗಾಗಿ ನೋಡುತ್ತಿದ್ದಾನೆ. ಹಿಂದೆ ನಿಂತವನು ಆಕಾಶ ನೋಡುತ್ತಾ ಅವನ ಹಣದ ಚೀಲ ಎಗರಿಸುತ್ತಿದ್ದಾನೆ. ಬ್ಯಾಂಕಿನಲ್ಲಿ 34 ವರ್ಷ, ಅದರಲ್ಲೂ ಬಹುಕಾಲ ಕ್ಯಾಷ್ ಕೌಂಟರಿನಲ್ಲಿ ಕಳೆದ ನನ್ನ ಕಣ್ಣು ಮೊದಲು ಹೋದದ್ದು ಆ ಚೀಲದ ಮೇಲೆಯೇ. ತಮಾಷೆಯೆಂದರೆ 1978ರಲ್ಲಿ ಆ ಚಿತ್ರವನ್ನೇ ಯಾರೋ ಕದ್ದರು. ಮರುವರ್ಷ ಸಿಕ್ಕಿತು.

ನಮ್ಮ ಮನೆಯಲ್ಲಿ ಈಗಾಗಲೇ ಮೂರು ಜೊತೆ ಬಟ್ಟಲಿದ್ದವು. ಮತ್ತೊಂದು ಯಾಕೆ ಎಂದು ನನ್ನ ಹೆಂಡತಿಯೂ ಕೇಳಿದಳು.

ಮೊದಲನೆಯದು ಜಾತ್ರೆಯಲ್ಲಿ ಕೊಂಡ ಪ್ಲಾಸ್ಟಿಕ್ ಜೊತೆ, 120 ರೂಪಾಯಿ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದರೆ ಒಂದು ಬಟ್ಟಲು 20 ಗ್ರಾಂ ಕೂಡ ಇಲ್ಲ. ಫ್ಯಾನ್ ಗಾಳಿಗೇ ಓಲಾಡುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಬಣ್ಣದ್ದು. ಹಳದಿ ಪ್ಲಾಸ್ಟಿಕ್ಕು ತೆಳು; ಕಿಟಕಿಯ ಬೆಳಕು ಹಿಂದಿನಿಂದ ಬಿದ್ದರೆ ಒಳಗಿನ ಚೆಂಡಿನ ನೆರಳು ಕಾಣುತ್ತದೆ. ಹಾಗೆಂದು ಪ್ಲಾಸ್ಟಿಕ್ ಎಂದರೆ ಕೀಳು ಎನ್ನಲೂ ಆಗದು. ಅಮೆರಿಕದಲ್ಲಿ ಪೆನ್ ಮತ್ತು ಟೆಲ್ಲರ್ ಎಂಬ ಜೋಡಿ ಪೂರ್ತಿ ಪಾರದರ್ಶಕ ಪ್ಲಾಸ್ಟಿಕ್ ಲೋಟದಲ್ಲೇ ಈ ಆಟ ಆಡುತ್ತಾರೆ. ಒಳಗೆ ಏನು ನಡೆಯುತ್ತಿದೆ ಎಂದು ಎದುರಿಗೇ ಕಾಣುತ್ತದೆ, ಆದರೂ ನೋಡುವವರ ಕಣ್ಣು ಹಿಂದೆ ಬೀಳುತ್ತದೆ. ಅಷ್ಟು ಕೈಚಳಕ ಇದ್ದವರಿಗೆ ತೆಂಗಿನ ಚಿಪ್ಪಾದರೂ ಸಾಕು.

ಎರಡನೆಯದು ಪಾತ್ರೆ ಅಂಗಡಿಯ ಸ್ಟೀಲ್ ಲೋಟ. ಮೂರಕ್ಕೆ 150 ರೂಪಾಯಿ. ಗಟ್ಟಿ, ತೊಳೆಯಬಹುದು, ಆಟ ಬೇಸರವಾದರೆ ನೀರು ಕುಡಿಯಬಹುದು. ಆದರೆ ಲೋಟ ಒಂದರೊಳಗೊಂದು ಕಚ್ಚಿಕೊಳ್ಳುತ್ತದೆ. ಬೋರಲಾದ ಒಂದು ಬಟ್ಟಲ ಬೆನ್ನಿನ ಮೇಲೆ ಚೆಂಡಿಟ್ಟು ಅದರ ಮೇಲೆ ಇನ್ನೊಂದನ್ನು ಮುಚ್ಚಿದಾಗ ನಡುವೆ ಚೆಂಡು ಆರಾಮಾಗಿ ಕೂರುವಷ್ಟು ಜಾಗ ಬೇಕು. ಲೋಟದಲ್ಲಿ ಆ ಜಾಗವಿಲ್ಲ. ಮೇಲಿನದು ವಾಲಿ ನಿಲ್ಲುತ್ತದೆ. ಬಟ್ಟಲು ಕೊಳ್ಳುವವರು ಬೆಲೆ ಕೇಳುವ ಮೊದಲು ಈ ಪರೀಕ್ಷೆ ಮಾಡಬೇಕು.

ಮೂರನೆಯದು ಅಳಿಯ ವಿದೇಶದಿಂದ ತಂದ ತಾಮ್ರದ ಜೊತೆ. ಬೆಲೆ ಕೇಳಿದರೆ ನಕ್ಕು ಸುಮ್ಮನಾದ. ಮಗಳಿಂದ ತಿಳಿಯಿತು, ನಮ್ಮ ಲೆಕ್ಕದಲ್ಲಿ ಸುಮಾರು 18,000. ಪಾಲ್ ಫಾಕ್ಸ್ ಎಂಬ ಅಮೆರಿಕದ ಜಾದೂಗಾರನ ಹೆಸರಿನಲ್ಲಿ ಕರೆಯುವ ಕುಳ್ಳು ಮಾದರಿ. ಬಾಯಂಚು ದುಂಡಗೆ ಸುರುಳಿ ಸುತ್ತಿದಂತಿದೆ, ಬೆರಳಿಗೆ ಆತುಕೊಳ್ಳುತ್ತದೆ. ಭುಜದ ಹತ್ತಿರ ಒಂದು ಉಬ್ಬು. ಮೇಲೆ ಮುಚ್ಚಿದ ಬಟ್ಟಲು ಅದರ ಮೇಲೆ ಕೂತು ನಡುವೆ ಜಾಗ ಬಿಡುತ್ತದೆ. ಬೆನ್ನು ಸ್ವಲ್ಪ ಒಳಕ್ಕೆ ತಗ್ಗಿರುವುದರಿಂದ ಅಲ್ಲಿಟ್ಟ ಚೆಂಡು ಉರುಳದು. ಹೊಟ್ಟೆಯೊಳಗೆ ದೊಡ್ಡ ನಿಂಬೆಹಣ್ಣು ಹಿಡಿಸುತ್ತದೆ. ಒಂದೊಂದೂ ಕಾಲು ಕಿಲೋಗೆ ಸ್ವಲ್ಪ ಕಡಿಮೆ. ಇದನ್ನು ಅಚ್ಚಿನಲ್ಲಿ ಎರಕ ಹೊಯ್ಯುವುದಿಲ್ಲ. ತಾಮ್ರದ ದುಂಡು ತಗಡನ್ನು ಲೇತಿನಲ್ಲಿ ತಿರುಗಿಸುತ್ತಾ ಒಂದು ಆಕಾರಕ್ಕೆ ಒತ್ತಿ ಒತ್ತಿ ಬಗ್ಗಿಸುತ್ತಾರೆ.

ಇಷ್ಟೆಲ್ಲ ಒಳ್ಳೆಯದಿದ್ದರೂ ಅದರಲ್ಲಿ ಎರಡು ಕೊರತೆ. ಒಂದು, ಸದ್ದು. ಗಟ್ಟಿ ಚೆಂಡು ತಾಗಿದರೆ ದೇವರಮನೆಯ ಗಂಟೆಯ ಹಾಗೆ ಟಿಣ್ ಎನ್ನುತ್ತದೆ; ಗುಟ್ಟೆಲ್ಲ ರಟ್ಟು. ಇದಕ್ಕೆ ನನ್ನ ಹೆಂಡತಿ ಪರಿಹಾರ ಕೊಟ್ಟಳು. ಬಿರಡೆಯ ತುಂಡನ್ನು ದುಂಡಗೆ ಕೆತ್ತಿಸಿಕೊಂಡು ಅದರ ಸುತ್ತ ಕೆಂಪು ಉಲ್ಲನ್‌ನಲ್ಲಿ ಕ್ರೋಶಾ ಹಾಕಿ ನಾಲ್ಕು ಚೆಂಡು ಹೆಣೆದಳು. ಆಟಕ್ಕೆ ಮೂರೇ ಚೆಂಡು ಎಂದೆನಲ್ಲ, ನಾಲ್ಕು ಯಾಕೆ ಎಂದು ಕೇಳುವ ಜಾಣರು ಸುಮ್ಮನಿರಬೇಕು.

ಎರಡನೆಯ ಕೊರತೆಗೆ ಮನೆಯಲ್ಲಿ ಮದ್ದಿರಲಿಲ್ಲ. ಮೊಮ್ಮಗಳ ಕೈ ಚಿಕ್ಕದು. ತಾಮ್ರದ ಬಟ್ಟಲು ಅವಳ ಬೆರಳಿಗೆ ಸುತ್ತಿಬರುವುದಿಲ್ಲ. ಹತ್ತು ನಿಮಿಷ ಅಭ್ಯಾಸ ಮಾಡಿದರೆ "ತಾತ, ಮಣಿಕಟ್ಟು ನೋಯ್ತದೆ" ಎನ್ನುತ್ತಿದ್ದಳು. ಶಾಲೆಯ ವಾರ್ಷಿಕೋತ್ಸವಕ್ಕೆ ಹೆಸರು ಕೊಟ್ಟಾಗಿತ್ತು. ಮನೆಯವರನ್ನು ಬಿಟ್ಟು ಯಾರೆದುರೂ ಬಾಯಿ ಬಿಡದ ಹುಡುಗಿ ತಾನಾಗಿ ಹೆಸರು ಕೊಟ್ಟದ್ದು ಅದೇ ಮೊದಲು. ಬಟ್ಟಲು ಕೈಕೊಟ್ಟಿತು ಎಂದು ಅವಳು ಹಿಂದೆ ಸರಿಯುವುದು ನನಗೆ ಬೇಕಿರಲಿಲ್ಲ.

ಆಗ ನೆನಪಾದದ್ದು ನಾನು ಚಿಕ್ಕಂದಿನಲ್ಲಿ ಸಂತೆಯಲ್ಲಿ ನೋಡಿದ ಗಾರುಡಿಗನ ಬಟ್ಟಲು. ನಮ್ಮ ದೇಶದ ಬೀದಿ ಜಾದೂಗಾರರ ಬಟ್ಟಲು ಬೇರೆಯೇ ಜಾತಿ. ಮರದ್ದು, ಚಿಕ್ಕದು, ಗುಮ್ಮಟದ ಹಾಗೆ; ತಲೆಯ ಮೇಲೆ ಒಂದು ಗುಂಡಿ. ತೋರುಬೆರಳು ಮತ್ತು ನಡುಬೆರಳ ಸಂದಿನಲ್ಲಿ ಆ ಗುಂಡಿ ಸಿಕ್ಕಿಸಿಕೊಂಡು ಎತ್ತುತ್ತಾರೆ. ಮೇಜು ಬೇಡ, ನೆಲದ ಮೇಲೆ ಚಕ್ಕಳಮಕ್ಕಳ ಕೂತು ಆಡಬಹುದು. ಗುಂಡಿ ಇರುವುದರಿಂದ ಒಂದರ ಮೇಲೊಂದು ಮುಚ್ಚುವ ಆಟಗಳು ಇದರಲ್ಲಿ ನಡೆಯುವುದಿಲ್ಲ. ನಿಂಬೆಹಣ್ಣೂ ಸಣ್ಣದೇ ಆಗಬೇಕು. ಆದರೆ ಹಿಡಿಯಲು ಅಂಗೈ ಅಗಲ ಬೇಕಿಲ್ಲ, ಎರಡು ಬೆರಳು ಸಾಕು.

ಒಂದು ಶನಿವಾರ ಕೆಂಗೇರಿಯಲ್ಲಿ ಮೈಸೂರು ಕಡೆಯ ಲೋಕಲ್ ರೈಲು ಹತ್ತಿದೆವು. ಬಿಡದಿಯಲ್ಲಿ ತಟ್ಟೆ ಇಡ್ಲಿಯ ನೆನಪು, ರಾಮನಗರದಲ್ಲಿ ಬಂಡೆಗಳು. 'ಶೋಲೆ' ಚಿತ್ರ ಇಲ್ಲೇ ತೆಗೆದದ್ದು ಎಂದರೆ ಮೊಮ್ಮಗಳಿಗೆ ಆ ಸಿನಿಮಾವೇ ಗೊತ್ತಿಲ್ಲ. ಅದರ ಮುಂದಿನ ನಿಲ್ದಾಣ ಚನ್ನಪಟ್ಟಣ. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್.

ಹಳೆಯ ಮೈಸೂರು ರಸ್ತೆಯ ಇಕ್ಕೆಲದಲ್ಲೂ ಬೊಂಬೆ ಅಂಗಡಿಗಳು. ಮೊದಲು ಕಾರುಗಳೆಲ್ಲ ಊರೊಳಗೇ ಹಾದುಹೋಗುತ್ತಿದ್ದವು, ಮಕ್ಕಳು ಹಟ ಮಾಡಿ ಇಳಿಸುತ್ತಿದ್ದರು. 2023ರಲ್ಲಿ ಎಕ್ಸ್‌ಪ್ರೆಸ್ ರಸ್ತೆ ಬಂದ ಮೇಲೆ ಅವು ಊರನ್ನು ಬಳಸಿಕೊಂಡು ಹೋಗಿಬಿಡುತ್ತವೆ. ಅಂಗಡಿಯೊಂದರಲ್ಲಿ ಬಟ್ಟಲ ಚಿತ್ರ ತೋರಿಸಿದೆ. "ಇಂಥದ್ದು ಇಟ್ಟಿಲ್ಲ ಸಾರ್, ಮಾಡೋರ ಹತ್ರಾನೇ ಹೋಗಿ" ಎಂದು ಹಿಂದಿನ ಬೀದಿಯ ದಾರಿ ಹೇಳಿದರು.

ಬೀದಿಗೆ ತಿರುಗುತ್ತಲೇ ಲೇತಿನ ಗುಂಯ್‌ಗುಡುವ ಸದ್ದು. ಒಳಗೆ ನೆಲದ ತುಂಬ ಬಿಳಿ ಹೊಟ್ಟು. ಅರವತ್ತರ ಆಸುಪಾಸಿನ ಒಬ್ಬರು, ಜೊತೆಗೆ ಇಬ್ಬರು ಹುಡುಗರು. ಚಿತ್ರ ನೋಡಿ, "ಇದೇನು ಯಜಮಾನ್ರೇ, ಗಂಟೆನಾ? ನಾಲಿಗೆ ಎಲ್ಲಿ?" ಎಂದರು.

"ಗಂಟೆಯಲ್ಲ ಸಾಹೇಬರೇ, ಜಾದೂ ಬಟ್ಟಲು."

ಅವರು ಚಿತ್ರವನ್ನು ಇನ್ನೊಮ್ಮೆ ನೋಡಿದರು. "ಹೂಂ... ನಮ್ಮಪ್ಪ ಇದನ್ನ ಮಾಡಿಕೊಟ್ಟಿದ್ರು. ಗಾರುಡಿಯವನೊಬ್ಬ ಬರ್ತಿದ್ದ. ಕಾಸಿಲ್ಲ ಅಂದ್ರೆ ಇಲ್ಲೇ ಕೂತು ಆಟ ತೋರಿಸಿ ಹೋಗ್ತಿದ್ದನಂತೆ."

ನನ್ನ ಬೇಡಿಕೆ ಮೂರು. ಮೂರೂ ಬಟ್ಟಲು ಒಂದೇ ಅಳತೆ, ಒಂದೇ ತೂಕ ಇರಬೇಕು. ಒಂದು ತುಸು ಬೇರೆ ಕಂಡರೂ ನೋಡುವವರ ಗುಮಾನಿ ಅದರ ಮೇಲೆ ಬೀಳುತ್ತದೆ. ಬಾಯಿ ಸಮತಟ್ಟಾಗಿ ನೆಲಕ್ಕೆ ಕೂರಬೇಕು. ಗುಂಡಿಯ ಕತ್ತು ಈ ಹುಡುಗಿಯ ಬೆರಳಿಗೆ ಹೊಂದಬೇಕು. ಅವರು ಮೊದಲು ಅಳೆದದ್ದು ಮರವನ್ನಲ್ಲ, ಅವಳ ಎರಡು ಬೆರಳ ಸಂದನ್ನು. ಒಂದು ರಟ್ಟಿನಲ್ಲಿ ಬಟ್ಟಲಿನ ಅರ್ಧ ಆಕಾರ ಕತ್ತರಿಸಿದರು. ಕಡೆಯುವಾಗ ಆಗಾಗ ಅದನ್ನು ಮರಕ್ಕೆ ಒತ್ತಿಹಿಡಿದು, ಎಲ್ಲಿ ಬೆಳಕು ತೂರುತ್ತದೋ ಅಲ್ಲಿ ಉಳಿ ಹಿಡಿಯುತ್ತಿದ್ದರು.

ಮರ ಹಾಲೆ ಮರ. ಆಲೆ ಮರ ಎಂದೂ ಅನ್ನುತ್ತಾರೆ. ಬಿಳಿ, ಹಗುರ, ನಯವಾದ ಎಳೆ. ಚೆನ್ನಾಗಿ ಒಣಗಿರಬೇಕು. ಹಸಿ ಮರದಲ್ಲಿ ಕಡೆದರೆ ಇವತ್ತು ದುಂಡಗಿದ್ದ ಬಾಯಿ ಒಣಗಿದ ಮೇಲೆ ಮೊಟ್ಟೆಯಾಕಾರ ಆಗುತ್ತದಂತೆ. ಹೊರಗಿನ ಆಕಾರ ಹತ್ತು ನಿಮಿಷದಲ್ಲಿ ಬಂತು. ಒಳಗೆ ಟೊಳ್ಳು ತೆಗೆಯಲು ಅದರ ಎರಡರಷ್ಟು ಹೊತ್ತು. ನಂತರ ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರು. ಉಜ್ಜಿದ ಬಿಸಿಗೇ ಅರಗು ಕರಗಿ ಹತ್ತಿಕೊಳ್ಳುತ್ತದೆ, ಕುಂಚವಿಲ್ಲ, ನೀರಿಲ್ಲ. ಕೊನೆಗೆ ತಾಳೆ ಎಲೆ ಒತ್ತಿಹಿಡಿದರೆ ಕನ್ನಡಿಯ ಹೊಳಪು. ಅರಗು ಎಂದರೆ ಮರದ ಕೊಂಬೆಯ ಮೇಲೆ ಒಂದು ಪುಟ್ಟ ಹುಳು ಸುರಿಸುವ ಅಂಟು ಎಂದು ತಿಳಿದಾಗಿನಿಂದ ಮೊಮ್ಮಗಳು ಬಟ್ಟಲನ್ನು ಮೂಸಿ ನೋಡುತ್ತಿದ್ದಾಳೆ. ಒಳಗಡೆ ಅರಗು ಬೇಡ ಎಂದೆ. ಬರಿ ಮರ ಸದ್ದು ಮಾಡುವುದಿಲ್ಲ.

ಹೊತ್ತು ಮೂರು ಗಂಟೆ. ದುಡ್ಡು ಎಷ್ಟು ಎಂದು ಕೇಳಿದೆ. "ಮೂರಕ್ಕೆ 450 ಕೊಡಿ. ಆದ್ರೆ ಮೊದ್ಲು ಪಾಪು ಆಟ ತೋರಿಸ್ಲಿ, ನಮ್ಮಪ್ಪ ನೋಡಿದ್ದನ್ನ ನಾನೂ ನೋಡ್ತೀನಿ."

ಅವಳು ನನ್ನ ಪಂಚೆ ಹಿಡಿದು ಹಿಂದೆ ನಿಂತಳು. ನಾನು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವಳೇ ಹೊಟ್ಟು ಸರಿಸಿ ನೆಲದ ಮೇಲೆ ಕೂತಳು. ಹುಡುಗರು ಲೇತ್ ನಿಲ್ಲಿಸಿದರು. ಮೊದಲ ಚೆಂಡು ಮಾಯವಾಯಿತು, ಬಂತು. ಎರಡನೆಯದು ಕೈಜಾರಿ ಉರುಳಿ ಹೊಟ್ಟಿನೊಳಗೆ ಸೇರಿಬಿಟ್ಟಿತು. ನನ್ನ ಎದೆ ಧಸಕ್ಕೆಂದಿತು. ಅವಳು ಒಂದು ಕ್ಷಣ ಹೊಟ್ಟನ್ನೇ ನೋಡಿ, "ನೋಡಿದ್ರಾ, ಇದು ನಿಜವಾಗ್ಲೂ ಮಾಯ ಆಯ್ತು!" ಎಂದಳು. ಸಾಹೇಬರು ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಅವಳ ಕೈ ನಿಲ್ಲಲಿಲ್ಲ, ಬಾಯಿಯೂ ನಿಲ್ಲಲಿಲ್ಲ. ಕೊನೆಯ ಬಟ್ಟಲ ಕೆಳಗೆ ನಿಂಬೆಹಣ್ಣಿನ ಬದಲು ಸಾಹೇಬರದೇ ಅರಗಿನ ತುಂಡು! ಅದನ್ನು ಯಾವಾಗ ಎತ್ತಿಟ್ಟುಕೊಂಡಳೋ ನನಗೂ ಕಾಣಲಿಲ್ಲ.

450ರಲ್ಲಿ ಅವರು 50 ವಾಪಸು ಕೊಟ್ಟರು. ಲೆಕ್ಕ ತಪ್ಪಿದೆ ಎಂದೆ. "ಆಟದ್ದು" ಎಂದರು.

ಮನೆಗೆ ಬಂದು ನಾಲ್ಕೂ ಜೊತೆ ಸಾಲಾಗಿ ಇಟ್ಟೆ. ತಾಮ್ರದ ಒಂದು ಜೊತೆಯ ಹಣಕ್ಕೆ ಮರದ್ದು 40 ಜೊತೆ ಬರುತ್ತದೆ. ಮರದ ಬಟ್ಟಲು ತಲಾ 60 ಗ್ರಾಂ ಇದೆ. ಮೂರರಲ್ಲಿ ಒಂದು ಎರಡು ಗ್ರಾಂ ಹೆಚ್ಚು, ಅದು ಕೈಗೆ ತಿಳಿಯದು. ನೀರು ಬಿದ್ದರೆ ಬಟ್ಟೆಯಲ್ಲಿ ಒರೆಸಬೇಕು, ಬಿಸಿಲಲ್ಲಿ ಬಿಡಬಾರದು. ತಾಮ್ರಕ್ಕೆ ಆ ಚಿಂತೆಯಿಲ್ಲ, ಹುಣಸೆಹಣ್ಣು ಹಾಕಿ ಉಜ್ಜಿದರೆ ಹೊಸದು; ಆದರೆ ಕಲ್ಲುನೆಲಕ್ಕೆ ಬಿದ್ದರೆ ನೆಗ್ಗುತ್ತದೆ, ನೆಗ್ಗಿದ್ದು ಎದ್ದು ಕಾಣುತ್ತದೆ. ಹೊಸದಾಗಿ ಕಲಿಯುವ ಮಕ್ಕಳಿಗೆ ನಾನು ಮರದ್ದನ್ನೇ ಹೇಳುತ್ತೇನೆ. ಅದೂ ಸಿಗದಿದ್ದರೆ ಕಪ್ಪು ಬಣ್ಣದ ದಪ್ಪ ಪ್ಲಾಸ್ಟಿಕ್ ಆದೀತು, ಹಳದಿ ಖಂಡಿತ ಬೇಡ.

ನನ್ನ ವಯಸ್ಸಿನವರಿಗೆ ಬೇರೆ ಮಾತು. ಹೋದ ವರ್ಷದಿಂದ ನನ್ನ ಬಲಗೈ ಸಣ್ಣಗೆ ನಡುಗುತ್ತದೆ. ದಿನಕ್ಕೆ ನೂರಾರು ಕಟ್ಟು ನೋಟು ಎಣಿಸಿದ ಕೈ. ಕೈಗೆ ಕೆಲಸ ಕೊಡುತ್ತಿರಿ ಎಂದು ಡಾಕ್ಟರು ಹೇಳಿದ್ದಾರೆ. ಹಗುರ ಬಟ್ಟಲು ಹಿಡಿದರೆ ನಡುಕ ಬಟ್ಟಲಿಗೂ ಬರುತ್ತದೆ, ಮೇಜಿನ ಮೇಲೆ ಟಕಟಕ ಎನ್ನುತ್ತದೆ. ತಾಮ್ರದ್ದು ಹಿಡಿದರೆ ಆ ಭಾರಕ್ಕೆ ಕೈ ಸ್ವಲ್ಪ ನೆಲೆ ನಿಲ್ಲುತ್ತದೆ. ಎಲ್ಲರಿಗೂ ಹೀಗೇ ಆಗುತ್ತದೆ ಎನ್ನಲಾರೆ, ನನಗೆ ಆಗಿದೆ. ಹಾಗಾಗಿ 18,000ದ ಬಟ್ಟಲು ಈಗ ನನ್ನ ಪಾಲಿಗೆ ಬಂದಿದೆ. ಬೆಳಗಿನ ಕಾಫಿಯಾದ ಮೇಲೆ ಹದಿನೈದು ನಿಮಿಷ ಆಡುತ್ತೇನೆ. ಎದುರಿಗೆ ಮೊಮ್ಮಗಳು ಮರದ್ದನ್ನಿಟ್ಟುಕೊಂಡು ಕೂರುತ್ತಾಳೆ. ವಾರ್ಷಿಕೋತ್ಸವಕ್ಕೆ ಇನ್ನು ಹನ್ನೊಂದು ದಿನ. ನಿನ್ನೆ ನನ್ನ ಮೂರನೆಯ ಚೆಂಡು ಎಲ್ಲಿದೆ ಎಂದು ಅವಳು ಸರಿಯಾಗಿ ಹೇಳಿದಳು. ಅವಳದು ಎಲ್ಲಿತ್ತು ಎಂದು ನನಗೆ ಹೇಳಲಾಗಲಿಲ್ಲ.