ಮೇಡಂ ಎಷ್ಟು ಸಲ ಬರ್ತಾರೆ?

1989ರ ಕೇಂದ್ರ ಮೋಟಾರು ವಾಹನ ನಿಯಮಗಳನ್ನು ಬರೆದವರು ಬೈಕಿನ ಹಿಂದಿನ ಸೀಟಿನ ಬಗ್ಗೆ ಸಾಕಷ್ಟು ತಲೆ ಕೆಡಿಸಿಕೊಂಡಿದ್ದಾರೆ. ಹಿಡಿದುಕೊಳ್ಳಲು ಹಿಡಿ ಇರಬೇಕು, ಕಾಲಿಡಲು ಫುಟ್‌ರೆಸ್ಟ್ ಇರಬೇಕು, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧಭಾಗಕ್ಕಾದರೂ ಮರೆ ಇರಬೇಕು ಅಂತ 123ನೇ ನಿಯಮ ಹೇಳುತ್ತದೆ. ಕೈ, ಕಾಲು, ಸೀರೆ ಮೂರಕ್ಕೂ ಕಾಯಿದೆಯ ರಕ್ಷಣೆ ಇದೆ. ಸೊಂಟದ ಪ್ರಸ್ತಾಪ ಮಾತ್ರ ಇಲ್ಲ. ಅದನ್ನು ಗಂಡಂದಿರ ವಿವೇಚನೆಗೆ ಬಿಟ್ಟಂತಿದೆ.

ನಮ್ಮ ಮದುವೆಯ ಹೊಸತರಲ್ಲಿ ಸೊಂಟ ಅನ್ನುವುದೊಂದು ಇದೆ ಅಂತಲೇ ನಮಗೆ ಗೊತ್ತಿರಲಿಲ್ಲ. ಆಗ ಇದ್ದದ್ದು ಯೆಜ್ಡಿ, ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ ಹುಟ್ಟಿದ್ದು. ಹಿಂದಿನ ಎರಡೂ ಶಾಕಬ್ಸರುಗಳಿಂದ ಎಣ್ಣೆ ಒಸರುತ್ತಿತ್ತು. ಇವಳು ಒಂದು ಪಕ್ಕಕ್ಕೆ ಕೂತು, ನನ್ನ ಭುಜದ ಮೇಲೆ ಕೈಯಿಟ್ಟು, ಹುಣಸೂರಿನಿಂದ ಮಡಿಕೇರಿಯವರೆಗೂ ಮಾತಾಡುತ್ತಿದ್ದಳು. ಗುಂಡಿ ಬಂದಾಗ ಮಾತು ಎರಡು ತುಂಡಾಗಿ, ಆಚೆ ದಡದಲ್ಲಿ ಮತ್ತೆ ಕೂಡಿಕೊಳ್ಳುತ್ತಿತ್ತು. 1996ರಲ್ಲಿ ಆ ಕಾರ್ಖಾನೆಯೇ ಮುಚ್ಚಿತು. ನಮ್ಮ ತಿರುಗಾಟವೂ ಹೆಚ್ಚುಕಡಿಮೆ ಆಗಲೇ ನಿಂತಿತು. ಮಕ್ಕಳು, ಸ್ಕೂಲು, ಸಾಲ.

ಈಗ ಮಕ್ಕಳು ದೂರದಲ್ಲಿದ್ದಾರೆ, ಅಂಗಳದಲ್ಲಿ 650 ಸಿಸಿಯ ಗಾಡಿ ನಿಂತಿದೆ. ಅದರಲ್ಲಿ ಹೊರನಾಡಿಗೆ ಹೊರಟೆವು. ಮೂಡಿಗೆರೆ ತನಕ "ಅಯ್ಯೋ", "ಅಮ್ಮಾ" ಅಂತ ಹಿಂದಿನಿಂದ ವರದಿ ಬರುತ್ತಿತ್ತು. ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿಂದು ಕಳಸದ ದಾರಿ ಹಿಡಿದ ಮೇಲೆ ಅದೂ ನಿಂತುಹೋಯಿತು. ಹಿಂದಿನ ಸೀಟು ದೂರುವಷ್ಟು ಹೊತ್ತು ಧೈರ್ಯವಾಗಿರಬಹುದು, ಮೌನವಾದರೆ ಹೆದರಬೇಕು. ಅನ್ನಪೂರ್ಣೇಶ್ವರಿಯ ಪ್ರಸಾದ ಮುಗಿಸಿ ಕೈ ತೊಳೆಯುವಾಗ ಅವಳೆಂದಳು: "ರೀ, ನಾನು ಬಸ್ಸಿಗೆ ಬರ್ತೀನಿ. ನೀವು ಗಾಡಿ ತನ್ನಿ."

ಊರಿಗೆ ಬಂದು ಈ ಶಾಕಬ್ಸರ್ ಶಾಸ್ತ್ರಕ್ಕೆ ಕೂತೆ. ಓಡಿಸುವವನು ಎರಡು ಚಕ್ರಗಳ ನಡುವೆ ಕೂರುತ್ತಾನೆ, ಅವನ ಭಾರವನ್ನು ಎರಡೂ ಹಂಚಿಕೊಳ್ಳುತ್ತವೆ. ಹಿಂದೆ ಕೂತವರ ಭಾರ ಮಾತ್ರ ಹೆಚ್ಚುಕಡಿಮೆ ಪೂರ್ತಿ ಹಿಂದಿನ ಚಕ್ರದ ತಲೆಗೆ. ಅವರ ಬೆನ್ನ ಹಿಂದೆ ಕಟ್ಟಿದ ಚಕ್ಕುಲಿಯ ಚೀಲ ಇನ್ನೂ ಹಿಂದಕ್ಕೆ ಜಗ್ಗಿ ಮುಂದಿನ ಚಕ್ರವನ್ನು ಹಗುರ ಮಾಡುತ್ತದೆ. ಹ್ಯಾಂಡಲ್ ತೇಲಿದಂತಾಗುತ್ತದೆ, ಹೆಡ್‌ಲೈಟು ರಸ್ತೆ ಬಿಟ್ಟು ಸಿಲ್ವರ್ ಓಕ್ ಮರಗಳ ತುದಿ ತೋರಿಸುತ್ತದೆ. ನನ್ನ ಗಾಡಿಯ ಹಿಂದಿನ ಚಕ್ರಕ್ಕೆ ಮೇಲೆ ಕೆಳಗೆ ಆಡಲು ಇರುವ ಜಾಗ ಒಂಬತ್ತು ಸೆಂಟಿಮೀಟರಿಗಿಂತ ಕೊಂಚ ಕಮ್ಮಿ. ಇಬ್ಬರೂ ಕೂತೊಡನೆ ಅದರಲ್ಲಿ ಅರ್ಧ ಖರ್ಚು. ಉಳಿದರ್ಧವನ್ನು ಮೊದಲ ದೊಡ್ಡ ಗುಂಡಿ ನುಂಗುತ್ತದೆ, ಆಮೇಲಿನದು ನೇರವಾಗಿ ಬೆನ್ನುಮೂಳೆಗೆ.

"ಟೈಟ್ ಮಾಡಿಸಿದ್ರೆ ಸರಿಹೋಗುತ್ತೆ ಸಾರ್" ಅಂತ ನಮ್ಮ ಬೀದಿಯ ಮೆಕ್ಯಾನಿಕ್ಕು ಸ್ಪ್ರಿಂಗಿನ ಬುಡದ ರಿಂಗನ್ನು ಸ್ಪ್ಯಾನರಿನಲ್ಲಿ ಕೊನೆಯ ಮೆಟ್ಟಿಲಿಗೆ ತಿರುಗಿಸಿದ. ಅದರಿಂದ ಸ್ಪ್ರಿಂಗು ಗಟ್ಟಿಯಾಗುವುದಿಲ್ಲ, ಕುಸಿದ ಹಿಂಭಾಗ ಮೇಲೇಳುತ್ತದೆ ಅಷ್ಟೆ. ಗಟ್ಟಿತನ ಇರುವುದು ತಂತಿಯ ದಪ್ಪದಲ್ಲಿ, ಸುರುಳಿಯ ಅಗಲದಲ್ಲಿ, ಎಣಿಕೆಯಲ್ಲಿ. ಇನ್ನು ಒಳಗಿನ ಎಣ್ಣೆ. ಸ್ಪ್ರಿಂಗ್ ಒಂದೇ ಇದ್ದರೆ ಗಾಡಿ ತೊಟ್ಟಿಲಿನ ಹಾಗೆ ತೂಗುತ್ತಲೇ ಇರುತ್ತದೆ. ಎಣ್ಣೆ ಸಣ್ಣ ತೂತುಗಳಲ್ಲಿ ನುಸುಳಿ ಆ ಕುಣಿತವನ್ನು ಶಾಖ ಮಾಡಿ ಕಳೆಯುತ್ತದೆ. ಗಂಟೆಗಟ್ಟಲೆ ಕೆಟ್ಟ ರಸ್ತೆಯಾದರೆ ಎಣ್ಣೆಯೇ ಕಾದು ನೊರೆಯೇಳುವುದುಂಟು. ಅದಕ್ಕೇ ದುಬಾರಿಯವುಗಳಲ್ಲಿ ನೈಟ್ರೋಜನ್ ತುಂಬಿ ಒತ್ತಿಟ್ಟಿರುತ್ತಾರೆ. ಸ್ವೀಡನ್ನಿನಲ್ಲಿ 1976ರಲ್ಲಿ ಶುರುವಾದ ಓಲಿನ್ಸ್ ಕಂಪನಿಯದು ಈ ಕುಲದಲ್ಲಿ ದೊಡ್ಡ ಹೆಸರು. ಬಣ್ಣ ಚಿನ್ನದ್ದು, ಬೆಲೆಯೂ ಅದೇ ದಾರಿಯಲ್ಲಿ. ನಾನು ನೋಡಿ ಕಣ್ತುಂಬಿಕೊಂಡು ಪುಟ ತಿರುಗಿಸಿದೆ.

ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಅಂಗಡಿಯಲ್ಲಿ ಹುಡುಗ ಪುಸ್ತಕ ತೆರೆದು ಕೂತ.

"ನಿಮ್ಮ ತೂಕ ಸಾರ್?"

ಹೇಳಿದೆ.

"ಮೇಡಂದು?"

ಫೋನು ಮಾಡಿದೆ. "ಯಾಕೆ?" ಅಂದಳು. ಸ್ಪ್ರಿಂಗಿಗೆ ಅಂದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "58 ಅಂತ ಬರ್ಕೊಳ್ಳಿ" ಅಂದಳು. ಹುಡುಗ ಬರೆದುಕೊಂಡು, ತಲೆಯೆತ್ತದೆಯೇ, "ಐದು ಸೇರಿಸ್ಕೊಂಡಿದೀನಿ ಸಾರ್, ಎಲ್ರಿಗೂ ಸೇರಿಸ್ತೀವಿ" ಅಂದ. ಬಹಳ ಅನುಭವಸ್ಥ.

ಆಮೇಲೆ ಕೇಳಿದ್ದು ಶಾಸ್ತ್ರದಲ್ಲಿ ಉತ್ತರವಿಲ್ಲದ ಪ್ರಶ್ನೆ. "ಮೇಡಂ ಎಷ್ಟು ಸಲ ಬರ್ತಾರೆ ಸಾರ್?"

ಇಬ್ಬರ ಲೆಕ್ಕಕ್ಕೆ ಸ್ಪ್ರಿಂಗ್ ಹಾಕಿಸಿದರೆ ಒಬ್ಬನೇ ಹೋಗುವಾಗ ಎತ್ತಿ ಒಗೆಯುತ್ತದೆ. ಒಬ್ಬನ ಲೆಕ್ಕಕ್ಕೆ ಹಾಕಿಸಿದರೆ ಇಬ್ಬರು ಕೂತಾಗ ಮತ್ತೆ ಹೊರನಾಡಿನ ಕಥೆ. "ವರ್ಷಕ್ಕೊಂದ್ಸಲ ಬರೋದಾದ್ರೆ ಸಿಂಗಲ್ಲಿಗೇ ಹಾಕ್ಸಿ, ಆರಾಮಾಗಿರುತ್ತೆ" ಅಂದ. ಸಲಹೆ ಪ್ರಾಮಾಣಿಕವಾದದ್ದು. ಅವನಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ ಇದ್ದೀತು. ಪೆನ್ನು ಹಿಡಿದು ಕಾಯುತ್ತಿದ್ದ. ನಾನು ಅವಳ ಮಂಡಿಯನ್ನು ನೆನೆದೆ, ಬಿ.ಪಿ. ಮಾತ್ರೆಯ ಡಬ್ಬಿಯನ್ನು ನೆನೆದೆ, ಈಚೆಗೆ ಎಲ್ಲಿಗೆ ಕರೆದರೂ ಮೊದಲು "ಕಾರಿದೆಯಾ?" ಅನ್ನುವುದನ್ನು ನೆನೆದೆ. ನಿಜವಾದ ಉತ್ತರ ಅವನ ಪುಸ್ತಕದ ಯಾವ ಕಾಲಮ್ಮಿಗೂ ಹೊಂದುವಂತಿರಲಿಲ್ಲ.

"ಯಾವಾಗ್ಲೂ ಬರ್ತಾರೆ" ಅಂದೆ.

ಹಾಕಿಸಿದ ಮೇಲೆ ಅಳೆಯಬೇಕಲ್ಲ. ಸವಾರರು ಕೂತಾಗ ಇರುವ ಜಾಗದಲ್ಲಿ ಹೆಚ್ಚೂಕಮ್ಮಿ ಮೂರರಲ್ಲೊಂದು ಪಾಲು ಮಾತ್ರ ಕುಸಿಯಬೇಕು. ಮನೆಯ ಮುಂದೆ ಗಾಡಿ ನಿಲ್ಲಿಸಿ, ಹೆಲ್ಮೆಟ್ಟು ಹಾಕಿಕೊಂಡು ಇಬ್ಬರೂ ಗಂಭೀರವಾಗಿ ಕೂತೆವು. ಪಕ್ಕದ ಮನೆಯ ಹುಡುಗ ಟೇಪು ಹಿಡಿದು ಬೀದಿಗೆಲ್ಲ ಕೇಳುವಂತೆ ಕೂಗಿದ: "ಆಂಟಿ ಕೂತ್ಮೇಲೆ ಎರಡು ಸೆಂಟಿಮೀಟರ್ ಕೆಳಗೆ ಹೋಯ್ತು ಅಂಕಲ್!" ಆ ದಿನ ಮನೆಯಲ್ಲಿ ಸಾರಿಗೆ ಒಗ್ಗರಣೆ ಬೀಳಲಿಲ್ಲ.

ಈಗ ಹಾಲು ತರಲು ಒಬ್ಬನೇ ಹೋದರೆ ಪ್ರತಿ ಹಂಪಿನಲ್ಲೂ ಗಾಡಿ ನನ್ನನ್ನು ಎತ್ತಿ ಕೇಳುತ್ತದೆ, ಇನ್ನೊಬ್ಬರೆಲ್ಲಿ ಅಂತ. 25 ಕೆ.ಜಿ. ಅಕ್ಕಿ ಮೂಟೆ ಕಟ್ಟಿದ ದಿನ ಪರವಾಗಿಲ್ಲ, ಸ್ವಲ್ಪ ಸಮಾಧಾನದಲ್ಲಿರುತ್ತದೆ.

ಮೊನ್ನೆ ಕುಶಾಲನಗರಕ್ಕೆ ಹೋಗೋಣ ಅಂದಾಗ ಏನನ್ನಿಸಿತೋ, ಕಾರಿನ ಮಾತೆತ್ತದೆ ಹತ್ತಿದಳು. ಹುಣಸೂರು ದಾಟಿದ ಮೇಲೆ ಹಿಂದಿನಿಂದ ಮಾತು ಶುರುವಾಯಿತು. ಯಾರದೋ ಮದುವೆ, ಯಾರದೋ ಮುನಿಸು. ಹೆಲ್ಮೆಟ್ಟಿನೊಳಗೆ ಅರ್ಧವೂ ಕೇಳಿಸಲಿಲ್ಲ, ಎಲ್ಲದಕ್ಕೂ ಹೂಂ ಅಂದೆ. ಪಿರಿಯಾಪಟ್ಟಣದಲ್ಲಿ ಕಾಫಿಗೆ ಇಳಿದಾಗ, "ಸೊಂಟ ಹೇಗಿದೆ?" ಅಂತ ಕೇಳಿದೆ.

"ಸೊಂಟ ಪರವಾಗಿಲ್ಲ ರೀ. ಈ ಸೀಟು ಮಾತ್ರ ಕಲ್ಲು. ಅದನ್ನ ಯಾವಾಗ ಬದಲಾಯಿಸ್ತೀರಿ?"