ಏರಿನಲ್ಲಿ ಓಟ, ಇಳಿಜಾರಿನಲ್ಲಿ ನಡಿಗೆ

"ಐವತ್ತೇಳನೇ ವಯಸ್ಸಲ್ಲಿ ಇದೆಲ್ಲಾ ಬೇಕಿತ್ತಾ?" 2024ರ ಜನವರಿಯಲ್ಲಿ ಮುಂಬೈ ಮ್ಯಾರಥಾನ್ ಮುಗಿಸಿ ಬಂದ ಮೇಲೆ ಇದನ್ನು ಎಷ್ಟು ಜನ ಕೇಳಿದರೋ! ನೋಯುವ ಮೊಣಕಾಲಲ್ಲಿ 42.195 ಕಿಲೋಮೀಟರ್ ಹೋಗಿದ್ದಕ್ಕೆ ಕೆಲವರು ಬೈದರು, ಕೆಲವರು "ಏನ್ ಛಲ ಸಾರ್ ನಿಮ್ಮದು" ಅಂದರು. ನಿಜ ಹೇಳಬೇಕೆಂದರೆ, ಅವತ್ತು ಕೆಲಸಕ್ಕೆ ಬಂದದ್ದು ಛಲವಲ್ಲ.

ಓಟಕ್ಕೆ ಮೂರು ವಾರ ಇರುವಾಗ ಬಲ ಮೊಣಕಾಲಿನ ಹೊರಬದಿಯಲ್ಲಿ ನೋವು ಶುರುವಾಯ್ತು. ಫಿಸಿಯೋಥೆರಪಿಸ್ಟ್ ಒತ್ತಿ ನೋಡಿ "ಐಟಿ ಬ್ಯಾಂಡ್" ಅಂದರು. ಸಾಫ್ಟ್‌ವೇರಿನವರಿಗೆ ಬರೋ ಕಾಯಿಲೆ ಅಂದುಕೊಳ್ಳಬೇಡಿ :) ಸೊಂಟದಿಂದ ಹೊರಟು ತೊಡೆಯ ಹೊರಬದಿಯಲ್ಲಿ ಇಳಿದು, ಮೊಣಕಾಲಿನ ಕೆಳಗೆ ಅಂಟಿಕೊಳ್ಳುವ ಗಟ್ಟಿ ಪಟ್ಟಿ ಅದು. ಮೊಣಕಾಲು ಸುಮಾರು 30 ಡಿಗ್ರಿ ಮಡಚಿದಾಗ ಮೂಳೆಯ ಮೇಲೆ ಒತ್ತುತ್ತೆ. ಇಳಿಜಾರಲ್ಲಿ ಓಡಿದರೆ ನೋವು ಜಾಸ್ತಿ, ನಡೆದರೆ ಕಡಿಮೆ. ಅವರ ಷರತ್ತು ಒಂದೇ: "ನಡೆಯುವಾಗಲೂ ಕುಂಟೋ ಹಾಗಾದ್ರೆ ಅಲ್ಲೇ ನಿಲ್ಲಿಸಿಬಿಡಿ."

"ರೀ, ಅದನ್ನ ನನ್ನ ಮುಂದೆ ಇನ್ನೊಂದ್ಸಲ ಹೇಳಿ" ಅಂತ ಹೆಂಡತಿ ನನ್ನಿಂದ ಬಾಯಿಪಾಠ ಮಾಡಿಸಿಯೇ ಕಳಿಸಿದಳು.

ಕತ್ತಲಲ್ಲೇ ಹೊರಟೆವು. ಮರೀನ್ ಡ್ರೈವ್, ಹಾಜಿ ಅಲಿ, ಸೀ ಲಿಂಕ್... ಮೊಣಕಾಲು ತೆಪ್ಪಗಿತ್ತು. ಹೆಚ್ಚುಕಡಿಮೆ ಅರ್ಧ ದಾರಿಯಲ್ಲಿ, ಮಾಹಿಮ್ ಹತ್ತಿರ, ಯಾರೋ ದಬ್ಬಳ ಚುಚ್ಚಿದ ಹಾಗಾಯ್ತು. ನಿಂತೆ. ಇಪ್ಪತ್ತು ಹೆಜ್ಜೆ ನಡೆದು ನೋಡಿದೆ. ಕುಂಟಲಿಲ್ಲ. ಅಲ್ಲಿಂದ ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ. ರಸ್ತೆ ಬದಿಯಲ್ಲಿ ಮಕ್ಕಳು ಕೊಟ್ಟ ಕಿತ್ತಳೆ ತೊಳೆ, ಬಿಸ್ಕತ್ತು, ಉಪ್ಪು ಎಲ್ಲವೂ ಹೊಟ್ಟೆಗೆ ಹೋಯ್ತು.

35 ಕಿಲೋಮೀಟರ್ ದಾಟಿದ ಮೇಲೆ ಬರುತ್ತೆ ಪೆಡ್ಡರ್ ರೋಡಿನ ಏರು. ಅಲ್ಲಿ ಗಟ್ಟಿಗರೂ ನಡೆಯೋಕೆ ಶುರು ಮಾಡ್ತಾರೆ. ನನಗೋ ಏರಿನಲ್ಲಿ ನೋವೇ ಇಲ್ಲ! ಪುಟ್ಟ ಪುಟ್ಟ ಹೆಜ್ಜೆ ಹಾಕಿ ಓಡಿದೆ. ಹುಡುಗನೊಬ್ಬ "ಅಂಕಲ್, ಸೂಪರ್" ಅಂದ. ಆಚೆಯ ಇಳಿಜಾರಲ್ಲಿ ನಾನು ಅಜ್ಜನ ಹಾಗೆ ನಡೆಯುತ್ತಿದ್ದಾಗ ಅದೇ ಹುಡುಗ ನಕ್ಕು ಮುಂದೆ ಹೋದ.

ಇಳಿಜಾರು ಮುಗಿಯುವಲ್ಲಿ ಒಂದು ಆಂಬುಲೆನ್ಸ್ ನಿಂತಿತ್ತು. ಬಾಗಿಲು ತೆಗೆದೇ ಇತ್ತು. ಮತ್ತೆ ಇಪ್ಪತ್ತು ಹೆಜ್ಜೆಯ ಪರೀಕ್ಷೆ. ಉಳಿದದ್ದು ಐದಾರು ಕಿಲೋಮೀಟರ್. ಇಲ್ಲಿ ನನಗೆ ನಾನೇ ಸುಳ್ಳು ಹೇಳಿಕೊಂಡರೆ ಕೇಳೋರು ಯಾರು? ಅದಕ್ಕೇ ಕಣ್ಣನ್ನು ನಂಬದೆ ಕಿವಿಗೊಟ್ಟು ಶೂ ಸಪ್ಪಳ ಕೇಳಿದೆ. ಕುಂಟುವ ಕಾಲಿನ ಸದ್ದೇ ಬೇರೆ. ಎಡ, ಬಲ, ಎಡ, ಬಲ... ಎರಡೂ ಒಂದೇ ಥರ ಕೇಳಿಸ್ತು. ಬೇರೆ ಬೇರೆಯಾಗಿದ್ದರೆ ಖಂಡಿತ ಆಂಬುಲೆನ್ಸ್ ಹತ್ತುತ್ತಿದ್ದೆ. ಆಗಲೂ ಇದೇ ಬರಹ ಬರೀತಿದ್ದೆ, ಪದಕ ಒಂದು ಇರ್ತಿರಲಿಲ್ಲ ಅಷ್ಟೆ.

ಮುಗಿಸಿದ್ದು 6 ಗಂಟೆ 12 ನಿಮಿಷಕ್ಕೆ. ಆಮೇಲೆ ಆರು ವಾರ ಓಟಕ್ಕೆ ರಜ, ದಿನಾ ಸೊಂಟದ ವ್ಯಾಯಾಮ. ಪದಕ ಗೋಡೆಯ ಮೊಳೆಯಲ್ಲಿ ತೂಗ್ತಿದೆ. ನಾನು ಮಾತ್ರ ಈಗಲೂ ನಡೆಯುವಾಗ ಚಪ್ಪಲಿ ಸದ್ದು ಕೇಳಿಸಿಕೊಳ್ತೀನಿ. ನಿಮ್ಮಲ್ಲಿ ಓಡುವವರು ಇದ್ದರೆ ಹೇಳಿ, ನಿಲ್ಲಬೇಕಾದ್ದು ಯಾವಾಗ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?